ಕಳೆದು ಉಳಿದ ಬೆಳಕು



ದೂರದ ಗೆಲಾಕ್ಸಿಯೊಂದರ ಚಿತ್ರವನ್ನು ಯಾರಿಗಾದರೂ ತೋರಿಸಿ ನೋಡಿ. ಮೊದಲ ಮಾತು, "ಅಬ್ಬಾ, ಎಷ್ಟು ಚೆನ್ನಾಗಿದೆ!" ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, "ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ತಾನೆ?" ನಮ್ಮ ಹವ್ಯಾಸದ ಹಲವರಿಗೆ ಈ ಎರಡನೆಯ ಮಾತು ಕೇಳಿದರೆ ಮೈ ಉರಿಯುತ್ತದೆ. ನನಗೆ ಹಾಗಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಕಂಪ್ಯೂಟರಿನಲ್ಲಿ ಮಾಡಿದ್ದು ಹೌದು. ಏನು ಮಾಡಿದರು, ಎಲ್ಲಿಗೆ ಕೈ ನಿಲ್ಲಿಸಿದರು ಎನ್ನುವುದರ ಮೇಲೆ ಆ ಚಿತ್ರದ ಬೆಲೆ ನಿಂತಿದೆ. ಇವತ್ತಿನ ನನ್ನ ಮಾತು ಅದರ ಬಗ್ಗೆ. ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಕೂತು ಚಿತ್ರದ ವಿಷಯ ಹೇಳುವುದು ವಿಚಿತ್ರ ಅನ್ನಿಸಬಹುದು. ಆದರೆ ಗೆಲಾಕ್ಸಿಯ ಫೋಟೋ ತೆಗೆಯುವವನಿಗೂ ಕೊನೆಯ ಹಂತದವರೆಗೆ ಹೆಚ್ಚೇನೂ ಕಾಣುವುದಿಲ್ಲ. ಆ ಮಟ್ಟಿಗೆ ನೀವೂ ನಾನೂ ಸಮಾನರು.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ನವೆಂಬರ್-ಡಿಸೆಂಬರ್ ಸಂಜೆಗಳಲ್ಲಿ, ಊರ ದೀಪಗಳಿಂದ ದೂರ ಹೋಗಿ ಉತ್ತರದ ಕಡೆ ತಲೆಯೆತ್ತಿದರೆ, ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಮಸುಕು ಕಲೆ ಬರಿಗಣ್ಣಿಗೇ ಕಾಣುತ್ತದೆ. ಹತ್ತನೆಯ ಶತಮಾನದಲ್ಲಿ ಪರ್ಷಿಯಾದ ಅಲ್ ಸೂಫಿ ಅದನ್ನು ಪುಟ್ಟ ಮೋಡವೆಂದು ಬರೆದಿಟ್ಟಿದ್ದ. ಅದೇ ಆಂಡ್ರೊಮೀಡಾ ಗೆಲಾಕ್ಸಿ, ಪಟ್ಟಿಯಲ್ಲಿ ಎಂ31. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಆಕಾಶದಲ್ಲಿ ಅದರ ಪೂರ್ತಿ ಹರವು ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು. ಹಾಗಿದ್ದೂ ನಮಗೆ ಕಾಣುವುದು ನಡುವಿನ ಹೊಳಪು ಮಾತ್ರ. ಗೆಲಾಕ್ಸಿ ಚಿಕ್ಕದಾದ್ದರಿಂದ ಹೀಗಾಗುತ್ತದೆ ಎಂದುಕೊಂಡರೆ ತಪ್ಪು. ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಹತ್ತನೇ ಒಂದೆರಡು ಭಾಗದಷ್ಟು ಹೊತ್ತು ಬಂದದ್ದನ್ನು ಮಿದುಳಿಗೆ ಒಪ್ಪಿಸಿ ಮತ್ತೆ ಬರಿದಾಗುತ್ತದೆ. ಸಾಲದ್ದಕ್ಕೆ ಮಬ್ಬು ಬೆಳಕಿನಲ್ಲಿ ಅದಕ್ಕೆ ಬಣ್ಣವೂ ತಿಳಿಯದು. ರಾತ್ರಿಯಿಡೀ ದಿಟ್ಟಿಸಿ ನೋಡಿದರೂ ಆಂಡ್ರೊಮೀಡಾ ಮೊದಲ ನೋಟಕ್ಕಿಂತ ಹೆಚ್ಚು ಬಿಚ್ಚಿಕೊಳ್ಳುವುದಿಲ್ಲ.

ಬೆಳಕನ್ನು ಕೂಡಿಡುವ ಉಪಾಯ ಕೊಟ್ಟದ್ದು ಫೋಟೋ ಫಲಕ. 1888ರಲ್ಲಿ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ 20 ಇಂಚು ಕನ್ನಡಿಯ ದೂರದರ್ಶಕಕ್ಕೆ ಫಲಕ ಜೋಡಿಸಿ, ಗಂಟೆಗಟ್ಟಲೆ ಎಂ31ರ ಬೆಳಕು ಬೀಳಿಸಿ, ಅದರ ಸುರುಳಿ ರೂಪವನ್ನು ಜಗತ್ತಿಗೆ ಮೊದಲ ಬಾರಿಗೆ ತೋರಿಸಿದ. ಈತ ವೃತ್ತಿಯಿಂದ ಕಟ್ಟಡದ ಗುತ್ತಿಗೆದಾರ, ಖಗೋಳದಲ್ಲಿ ಹವ್ಯಾಸಿ. ಚಿತ್ರ ಸರಿಯಾಗಿತ್ತು, ಅದಕ್ಕೆ ಅವನು ಹಚ್ಚಿದ ಅರ್ಥ ಸರಿಯಿರಲಿಲ್ಲ. ಹೊಸ ಸೌರವ್ಯೂಹವೊಂದು ಹುಟ್ಟುತ್ತಿರುವುದನ್ನು ತಾನು ಕಂಡೆ ಎಂದು ಅವನು ನಂಬಿದ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಇಂಚಿನ ದೂರದರ್ಶಕದಿಂದ ಅದೇ ಎಂ31ರಲ್ಲಿ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸಿ, ಅದರಿಂದ ದೂರ ಲೆಕ್ಕ ಹಾಕಿದ ಮೇಲೆ, ಎಂ31 ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಲೋಕವೆಂದು ತೀರ್ಮಾನವಾಯಿತು. ಹಬಲ್ ಕೂಡ ಆ ನಕ್ಷತ್ರವನ್ನು ಕಂಡದ್ದು ಫಲಕದ ಮೇಲೆ. ಇವತ್ತು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಪರದೆಯ ಮುಂದೆ ಕೂತಿರುತ್ತಾರೆ. ಕಣ್ಣಿಟ್ಟು ನೋಡುವ ಖಗೋಳಜ್ಞ ಸಿನಿಮಾದಲ್ಲಿ ಮಾತ್ರ ಉಳಿದುಕೊಂಡಿದ್ದಾನೆ.

ಇನ್ನು ಸಲಕರಣೆ. ಹೊಸಬರು ಬಂದು ಕೇಳುವುದು, "ಎಷ್ಟು ಇಂಚಿನ ಟೆಲಿಸ್ಕೋಪು ತಗೊಳ್ಳಲಿ?" ಅದರ ಕೆಳಗೆ ಏನಿರಬೇಕು ಎಂದು ಕೇಳುವವರು ಅಪರೂಪ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ. ಆಕಾಶದ ಕೋನವನ್ನು ಅಳೆಯುವ ಪುಟ್ಟ ಮಾನ ಅದು. 500 ಮಿಲಿಮೀಟರ್ ನಾಭಿದೂರದ ಸಾಧಾರಣ ದೂರದರ್ಶಕಕ್ಕೆ ಈಗಿನ ಕ್ಯಾಮೆರಾ ಹಚ್ಚಿದರೆ ಒಂದು ಪಿಕ್ಸೆಲ್ಲಿಗೆ ಬರುವ ಆಕಾಶ ಒಂದೂವರೆ ಆರ್ಕ್‌ಸೆಕೆಂಡು. ಎಂದಮೇಲೆ ನಿಂತಲ್ಲೇ ನಿಂತ ದೂರದರ್ಶಕದಲ್ಲಿ ನಕ್ಷತ್ರ ಒಂದೇ ಸೆಕೆಂಡಿನಲ್ಲಿ ಹತ್ತು ಪಿಕ್ಸೆಲ್ ದಾಟಿ ಗೀರಾಗುತ್ತದೆ. ಇದನ್ನು ತಡೆಯುವುದು ದೂರದರ್ಶಕವನ್ನು ಹೊರುವ ಮೌಂಟು. ಅದರ ಒಂದು ಅಕ್ಷವನ್ನು ಧ್ರುವದ ಕಡೆ ತಿರುಗಿಸಿ, ಭೂಮಿ ಒಂದು ದಿಕ್ಕಿಗೆ ತಿರುಗಿದರೆ ಅದು ಎದುರು ದಿಕ್ಕಿಗೆ ಅದೇ ವೇಗದಲ್ಲಿ ತಿರುಗುವಂತೆ ಮಾಡುತ್ತಾರೆ. ಗಿಯರುಗಳಲ್ಲಿ ಉಳಿದ ಸಣ್ಣ ತೊದಲನ್ನು ಸರಿಪಡಿಸಲು ಪಕ್ಕದಲ್ಲೊಂದು ಪುಟ್ಟ ಕ್ಯಾಮೆರಾ ಒಂದೇ ನಕ್ಷತ್ರದ ಮೇಲೆ ಕಣ್ಣು ನೆಟ್ಟು, ಅದು ಕದಲಿದೊಡನೆ ಮೌಂಟಿಗೆ ತಿದ್ದುಪಡಿ ಕಳಿಸುತ್ತಿರುತ್ತದೆ. ಹಣ ಕಡಿಮೆಯಿದ್ದರೆ ದೂರದರ್ಶಕ ಚಿಕ್ಕದು ಕೊಳ್ಳಿ, ಮೌಂಟಿನಲ್ಲಿ ಜಿಪುಣತನ ಬೇಡ.

ಅಕ್ಷವನ್ನು ಧ್ರುವದ ಕಡೆ ತಿರುಗಿಸುವುದರಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರ ಎನ್ನುವುದು ನಾವಿರುವ ಅಕ್ಷಾಂಶದಷ್ಟೇ. ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ ಹದಿನೆಂಟರ ಹತ್ತಿರ. ಒಂದು ತೆಂಗಿನ ಮರ, ಒಂದು ನೀರಿನ ಟ್ಯಾಂಕು, ಕೆಳಗೆ ಕವಿದ ಧೂಳು, ಇಷ್ಟು ಸಾಕು ಅದನ್ನು ಮರೆಮಾಡಲು. ಯುರೋಪಿನವರು ಬರೆದ ಕೈಪಿಡಿಗಳು ಧ್ರುವ ನಕ್ಷತ್ರವನ್ನು ತಲೆಯೆತ್ತಿ ನೋಡಿ ಎನ್ನುತ್ತವೆ, ನಾವು ಬೇಲಿಯ ಸಂದಿಯಲ್ಲಿ ಹುಡುಕುತ್ತೇವೆ. ಅದಕ್ಕೆ ಪ್ರತಿಯಾಗಿ ದಕ್ಷಿಣದ ಆಕಾಶ ನಮಗೆ ಧಾರಾಳವಾಗಿ ತೆರೆದಿದೆ. ಲಂಡನ್ನಿನವರಿಗೆ ದಿಗಂತದಿಂದ ಮೇಲೆ ಬರುವುದೇ ಇಲ್ಲದ ಸೆಂಟಾರಸ್ ಎ ಗೆಲಾಕ್ಸಿ ಬೆಂಗಳೂರಿನಲ್ಲಿ 34 ಡಿಗ್ರಿ ಎತ್ತರಕ್ಕೆ ಏರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ನಮ್ಮಲ್ಲಿ ಮೋಡ ಕಡಿಮೆಯಿರುವ ತಿಂಗಳುಗಳಲ್ಲೇ, ಸಿಂಹ ಮತ್ತು ಕನ್ಯಾ ರಾಶಿಗಳ ಗೆಲಾಕ್ಸಿಗಳು ನೆತ್ತಿಗೆ ಬರುತ್ತವೆ. ಕನ್ಯಾ ರಾಶಿಯಲ್ಲಿ ಗೆಲಾಕ್ಸಿಗಳ ದೊಡ್ಡ ಗುಂಪೊಂದು ಐದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಕ್ಯಾಮೆರಾ ತಿರುಗಿಸಿದ ಕಡೆಯೆಲ್ಲ ಒಂದೆರಡು ಗೆಲಾಕ್ಸಿ ಸಿಕ್ಕುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೆಲಾಕ್ಸಿಯ ತೋಳುಗಳಿಂದ ಬರುವ ಬೆಳಕು ಎಷ್ಟು ಕ್ಷೀಣವೆಂದರೆ, ಅದರ ಎದುರು ನಿಂತ ನಮ್ಮದೇ ಆಕಾಶದ ಹೊಳಪು ಅದಕ್ಕಿಂತ ಹೆಚ್ಚು. ಪೂರ್ತಿ ಕತ್ತಲೆ ಎನ್ನುವ ಆಕಾಶಕ್ಕೂ ತನ್ನದೊಂದು ಮಿನುಗು ಇರುತ್ತದೆ. ದೊಡ್ಡ ನಗರದ ನಡುವೆ ಅದು ಸುಮಾರು 40 ಪಟ್ಟು ಹೆಚ್ಚು. ಒಂದು ಲೆಕ್ಕ ಹೇಳುತ್ತೇನೆ, ಕಾಗದ-ಪೆನ್ನು ಬೇಕಿಲ್ಲ. ನಗರದ ತಾರಸಿಯಲ್ಲಿ ತೆಗೆದ ಒಂದು ಚಿತ್ರದ ಒಂದು ಪಿಕ್ಸೆಲ್ಲಿಗೆ 1000 ಬೆಳಕಿನ ಕಣ ಬಿದ್ದಿವೆ ಎನ್ನಿ. ಅದರಲ್ಲಿ ಗೆಲಾಕ್ಸಿಯವು 20, ಉಳಿದ 980 ಆಕಾಶದವು. ಬೆಳಕಿನ ಕಣಗಳು ಒಂದೇ ಸಮನೆ ಬರುವುದಿಲ್ಲ, ಏರಿಳಿತ ಇದ್ದೇ ಇರುತ್ತದೆ, ಮತ್ತು ಆ ಏರಿಳಿತ ಸಂಖ್ಯೆಯ ವರ್ಗಮೂಲದಷ್ಟು. ಸಾವಿರಕ್ಕೆ ಸುಮಾರು 32. ಇಪ್ಪತ್ತರ ಸುದ್ದಿ ಮೂವತ್ತೆರಡರ ಗದ್ದಲದಲ್ಲಿ ಮುಳುಗಿಹೋಯಿತು. ಇಂಥ 100 ಚಿತ್ರ ತೆಗೆದು ಕೂಡಿದರೆ? ಗೆಲಾಕ್ಸಿ 2000, ಗದ್ದಲ 316. ಈಗ ಸುದ್ದಿ ಗದ್ದಲದ ಆರು ಪಟ್ಟು, ತೋಳು ಮೇಲೆದ್ದಿತು. ಅದೇ ಗೆಲಾಕ್ಸಿಯನ್ನು ಕತ್ತಲ ಜಾಗದಲ್ಲಿ ತೆಗೆದರೆ ಆಕಾಶದ ಪಾಲು 25ಕ್ಕೆ ಇಳಿಯುತ್ತದೆ, ಅಷ್ಟೇ ಗುಣಮಟ್ಟಕ್ಕೆ ಐದು ಚಿತ್ರ ಸಾಕು. ಕ್ಯಾಮೆರಾದ ಸ್ವಂತ ಗದ್ದಲವನ್ನು ನಾನು ಇಲ್ಲಿ ಬದಿಗಿಟ್ಟಿದ್ದೇನೆ, ಆದರೂ ಲೆಕ್ಕದ ದಿಕ್ಕು ಇದೇ. ಲಕ್ಷಗಟ್ಟಲೆ ಕೊಟ್ಟು ಕೊಂಡ ಕ್ಯಾಮೆರಾಗಿಂತ ಬಸ್ಸು ಹಿಡಿದು ಕತ್ತಲಿಗೆ ಹೋಗುವುದು ಲಾಭ.

ಈ ವರ್ಗಮೂಲದ ನಿಯಮ ನಿರ್ದಯಿ. ಗುಣಮಟ್ಟ ಎರಡು ಪಟ್ಟಾಗಬೇಕಾದರೆ ಸಮಯ ನಾಲ್ಕು ಪಟ್ಟಾಗಬೇಕು. ಒಂದು ಗಂಟೆ ತೆಗೆದವನು ಎರಡನೆಯ ಗಂಟೆಯಿಂದ ಗಮನಾರ್ಹ ಫಲ ಕಾಣುತ್ತಾನೆ. ಇಪ್ಪತ್ತು ಗಂಟೆ ತೆಗೆದವನಿಗೆ ಇಪ್ಪತ್ತೊಂದನೆಯ ಗಂಟೆಯಿಂದ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಹಾಗಾದರೆ ಒಂದೇ ಉದ್ದನೆಯ ಚಿತ್ರ ತೆಗೆಯಬಾರದೇಕೆ ಎಂದು ನೀವು ಕೇಳಬಹುದು. ಗಾಳಿ ಬೀಸಿ ದೂರದರ್ಶಕ ಅಲುಗಿದರೆ, ವಿಮಾನವೋ ಉಪಗ್ರಹವೋ ಗೆರೆ ಎಳೆದುಕೊಂಡು ಹೋದರೆ, ತೆಳುಮೋಡ ಹಾದರೆ, ಉದ್ದನೆಯ ಚಿತ್ರ ಇಡಿಯಾಗಿ ಹಾಳು. ಎರಡು-ಮೂರು ನಿಮಿಷದ ನೂರು ಚಿತ್ರಗಳಿದ್ದರೆ ಕೆಟ್ಟ ಹತ್ತನ್ನು ಬಿಸಾಡಿ ತೊಂಬತ್ತನ್ನು ಉಳಿಸಿಕೊಳ್ಳಬಹುದು. ಜೊತೆಗೆ, ಒಂದೇ ಜಾಗಕ್ಕೆ ತೊಂಬತ್ತು ಸಾಕ್ಷಿಗಳಿದ್ದಾಗ ಕಂಪ್ಯೂಟರು ಪ್ರತಿ ಪಿಕ್ಸೆಲ್ಲಿನಲ್ಲೂ ಅವುಗಳ ಹೇಳಿಕೆ ಹೋಲಿಸಿ, ಉಳಿದವಕ್ಕೆ ತಾಳೆಯಾಗದ ಒಂದನ್ನು ತಳ್ಳಿಹಾಕುತ್ತದೆ. ಉಪಗ್ರಹದ ಗೆರೆಗಳು ಅಳಿಸಿಹೋಗುವುದು ಹೀಗೆ. ಯಾರೂ ರಬ್ಬರು ಹಿಡಿದು ಉಜ್ಜಿರುವುದಿಲ್ಲ.

ಈ ಕೂಡುವ ಕೆಲಸಕ್ಕೆ ನಮ್ಮವರು ಸ್ಟ್ಯಾಕಿಂಗ್ ಅನ್ನುತ್ತಾರೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳಿವೆ, ಹಣ ಕೊಟ್ಟು ಕೊಳ್ಳುವ ಪಿಕ್ಸ್‌ಇನ್‌ಸೈಟ್ ಇದೆ. ಹೊಸಬರಿಗೆ ಉಚಿತದ್ದು ಧಾರಾಳವಾಗಿ ಸಾಕು. ಆದರೆ ಕೂಡುವ ಮುಂಚೆ ಕಳೆಯಬೇಕು. ತುಪ್ಪ ಕೊಳ್ಳುವವರು ಮೊದಲು ಬರಿಪಾತ್ರೆಯನ್ನು ತೂಗಿಸಿ, ಆಮೇಲೆ ತುಂಬಿದ ಪಾತ್ರೆಯ ತೂಕದಿಂದ ಅದನ್ನು ಕಳೆಯುತ್ತಾರಲ್ಲ, ನಮ್ಮ ಕೆಲಸದ ಬಹುಭಾಗ ಅದೇ. ಕ್ಯಾಮೆರಾದ ಸೆನ್ಸರು ಕತ್ತಲಲ್ಲಿದ್ದರೂ ಬಿಸಿಯಿಂದ ತನ್ನಷ್ಟಕ್ಕೆ ಒಂದಿಷ್ಟು ಸಂಕೇತ ಹುಟ್ಟಿಸುತ್ತದೆ. ನಮ್ಮ ಸೆಖೆಯ ರಾತ್ರಿಗಳಲ್ಲಿ ಇನ್ನೂ ಹೆಚ್ಚು. ಅದಕ್ಕಾಗಿ ದೂರದರ್ಶಕದ ಮುಚ್ಚಳ ಹಾಕಿ, ಅಷ್ಟೇ ಹೊತ್ತಿನ, ಅಷ್ಟೇ ಉಷ್ಣತೆಯ ಕಪ್ಪು ಚಿತ್ರಗಳನ್ನು ತೆಗೆದು, ಅವುಗಳ ಸರಾಸರಿಯನ್ನು ಪ್ರತಿ ಚಿತ್ರದಿಂದ ಕಳೆಯಬೇಕು. ಇವು ಡಾರ್ಕ್ ಫ್ರೇಮುಗಳು. ಇನ್ನು, ದೂರದರ್ಶಕ ಅಂಚಿಗೆ ಕಳಿಸುವ ಬೆಳಕು ನಡುವಿಗಿಂತ ಕಡಿಮೆ. ಗಾಜಿನ ಮೇಲಿನ ಧೂಳಿನ ಕಣವೊಂದು ಚಿತ್ರದಲ್ಲಿ ಉಂಗುರದ ನೆರಳಾಗಿ ಕೂರುತ್ತದೆ. ಇದಕ್ಕೆ, ಒಂದೇ ಸಮನಾದ ಬೆಳಕಿನ ಮೇಲ್ಮೈಯ, ಅಂದರೆ ಮುಸ್ಸಂಜೆಯ ಆಕಾಶದ ಅಥವಾ ದೂರದರ್ಶಕದ ಬಾಯಿಗೆ ಹೊದಿಸಿದ ಬಿಳಿ ಬಟ್ಟೆಯ, ಚಿತ್ರ ತೆಗೆದು ಪ್ರತಿ ಚಿತ್ರವನ್ನೂ ಅದರಿಂದ ಭಾಗಿಸಬೇಕು. ಇವು ಫ್ಲ್ಯಾಟ್ ಫ್ರೇಮುಗಳು. ಬೆಳಗಿನ ಜಾವ ನಾಲ್ಕಕ್ಕೆ, ನಿದ್ದೆ ತೂಗುವ ಹೊತ್ತಿನಲ್ಲಿ, ಇದನ್ನು ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಬಿಟ್ಟವರ ಚಿತ್ರ ಕೂಡಲೇ ಗುರುತು ಸಿಗುತ್ತದೆ. ಗೆಲಾಕ್ಸಿಯ ಪಕ್ಕದಲ್ಲೇ ಅಂಥ ಉಂಗುರಗಳಿರುತ್ತವೆ, ಅಥವಾ ಅವನ್ನು ಮರೆಮಾಚಲು ಹಿನ್ನೆಲೆಯನ್ನು ಇಂಗಾಲದಂತೆ ಕಪ್ಪು ಮಾಡಿರುತ್ತಾರೆ.

ಮೂರನೆಯ ಕಳೆಯುವಿಕೆ ಆಕಾಶದ್ದು, ಅಪಾಯ ಇರುವುದೂ ಅಲ್ಲೇ. ಪೇಟೆ ಇರುವ ದಿಕ್ಕಿಗೆ ಆಕಾಶ ಹೆಚ್ಚು ಹೊಳೆಯುತ್ತದೆ, ಎದುರು ದಿಕ್ಕಿಗೆ ಕಡಿಮೆ. ಗೆಲಾಕ್ಸಿ ಇಲ್ಲದ ಜಾಗಗಳಲ್ಲಿ ಚುಕ್ಕೆ ಗುರುತಿಸಿ, ಆ ಇಳಿಜಾರನ್ನು ಲೆಕ್ಕ ಹಾಕಿ, ತಂತ್ರಾಂಶ ಅದನ್ನು ಕಳೆಯುತ್ತದೆ. ಆದರೆ ಗೆಲಾಕ್ಸಿ ಎಲ್ಲಿಗೆ ಮುಗಿಯಿತು ಎಂದು ಹೇಳುವವರು ಯಾರು? ಅದರ ಹೊರಗಿನ ಮಬ್ಬು ಬಹುದೂರ ಹಬ್ಬಿರುತ್ತದೆ. ಚುಕ್ಕೆಯನ್ನು ಅದರ ಮೇಲೆ ಇಟ್ಟುಬಿಟ್ಟರೆ ಆಕಾಶದ ಜೊತೆಗೆ ಗೆಲಾಕ್ಸಿಯ ಅಂಚೂ ಹೋಯಿತು. ನೋಡುವವರಿಗೆ ಚಿತ್ರ ಬಹಳ ಶುಭ್ರವಾಗಿ ಕಾಣುತ್ತದೆ, ಅಳಿಸಿಹೋದದ್ದರ ಸುಳಿವೂ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಪರದೆಯ ಮೇಲೆ ತೆರೆದರೆ ಏನು ಕಾಣುತ್ತದೆ? ಕಪ್ಪು. ಅಲ್ಲಲ್ಲಿ ನಾಲ್ಕು ನಕ್ಷತ್ರ. ಕಡತದಲ್ಲಿ ಬೆಳಕಿನ 65,536 ಮೆಟ್ಟಿಲುಗಳಿವೆ, ಗೆಲಾಕ್ಸಿ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಅಡಗಿದೆ. ಆ ಕೆಳಗಿನ ಮೆಟ್ಟಿಲುಗಳನ್ನು ಎಳೆದು ಅಗಲಿಸುವುದಕ್ಕೆ ಸ್ಟ್ರೆಚಿಂಗ್ ಎನ್ನುತ್ತಾರೆ. ಒಮ್ಮೆಲೇ ಎಳೆದರೆ ಗೆಲಾಕ್ಸಿಯ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ, ನಕ್ಷತ್ರಗಳು ಊದಿಕೊಳ್ಳುತ್ತವೆ. ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಾ ಹೋದಂತೆ ಮೊದಲು ಸುರುಳಿಯ ತೋಳು, ಆಮೇಲೆ ತೋಳುಗಳ ನಡುವಿನ ಧೂಳಿನ ಕಪ್ಪು ಗೆರೆ ಹೊರಗೆ ಬರುತ್ತವೆ. ಇಷ್ಟರ ಮಟ್ಟಿಗೆ ನಾನು ಇದನ್ನು ಪ್ರಾಮಾಣಿಕ ಕೆಲಸ ಎನ್ನುತ್ತೇನೆ. ಯಾಕೆಂದರೆ ಇಡೀ ಚಿತ್ರಕ್ಕೆ ಒಂದೇ ನಿಯಮ ಅನ್ವಯವಾಗಿದೆ, ಮತ್ತು ಹೆಚ್ಚು ಬೆಳಕು ಬಿದ್ದ ಜಾಗ ಕೊನೆಯಲ್ಲೂ ಹೆಚ್ಚು ಬೆಳಕಿನ ಜಾಗವಾಗಿಯೇ ಇದೆ. ಅಂತರ ಬದಲಾಯಿತು, ಕ್ರಮ ಬದಲಾಗಲಿಲ್ಲ.

ಬಣ್ಣದ ಮಾತೂ ಹಾಗೆಯೇ. ತೋಳುಗಳ ನೀಲಿ ಎಳೆಯ ಬಿಸಿ ನಕ್ಷತ್ರಗಳದು, ನಡುವಿನ ಹಳದಿ ಮುದಿ ನಕ್ಷತ್ರಗಳದು, ಅಲ್ಲಲ್ಲಿನ ಗುಲಾಬಿ ಗಂಟುಗಳು ನಕ್ಷತ್ರ ಹುಟ್ಟುವ ಜಾಗದ ಜಲಜನಕ. ಇವು ಸೆನ್ಸರಿಗೆ ನಿಜವಾಗಿ ಬಿದ್ದ ಬಣ್ಣಗಳು. ಚಿತ್ರದಲ್ಲಿರುವ ನಕ್ಷತ್ರಗಳನ್ನು ಗಯಾ ಉಪಗ್ರಹದ ಪಟ್ಟಿಯಲ್ಲಿರುವ ಅಳತೆಗಳ ಜೊತೆ ಹೋಲಿಸಿ ಬಣ್ಣದ ಸಮತೋಲ ಹೊಂದಿಸುವ ಸೌಲಭ್ಯ ಸಿರಿಲ್‌ನಲ್ಲೇ ಇದೆ. ಅದಾದ ಮೇಲೆ ಬಣ್ಣದ ಸಾಂದ್ರತೆಯನ್ನು ಎಷ್ಟು ಏರಿಸುತ್ತೀರಿ ಎನ್ನುವುದು ರುಚಿಗೆ ಬಿಟ್ಟದ್ದು. ಮದುವೆಮನೆ ಸೀರಿಯಲ್ ಸೆಟ್ಟಿನಂತೆ ಹೊಳೆಯುವ ಗೆಲಾಕ್ಸಿಗಳನ್ನೂ ನೋಡಿದ್ದೇನೆ, ಮಾಡಿದವರಿಗೆ ಬಹುಮಾನವೂ ಬಂದಿತ್ತು.

ನನ್ನ ತಕರಾರು ಬೇರೆ ಕಡೆಗಿದೆ. ಈಚೆಗೆ ಕೃತಕ ಬುದ್ಧಿಮತ್ತೆಯ ಚೂಪುಗೊಳಿಸುವ, ಗದ್ದಲ ಅಳಿಸುವ ಸಾಧನಗಳು ಬಂದಿವೆ. ಮಿತವಾಗಿ ಬಳಸಿದರೆ ಉಪಕಾರವಿದೆ. ಆದರೆ ಸಾವಿರಾರು ಒಳ್ಳೆಯ ಚಿತ್ರಗಳನ್ನು ನೋಡಿ ಕಲಿತ ಯಂತ್ರ, ತೋಳಿನಲ್ಲಿ ಏನಿದೆ ಎಂದು ನಿಮ್ಮ ಬೆಳಕನ್ನು ಕೇಳುವ ಬದಲು, ಸಾಮಾನ್ಯವಾಗಿ ಏನಿರುತ್ತದೆ ಎಂದು ತನ್ನ ನೆನಪನ್ನು ಕೇಳಿ ತುಂಬಿಬಿಡಬಹುದು. ಗದ್ದಲದ ಒಂದು ಗಂಟನ್ನು ಎಳೆದು ಧೂಳಿನ ಗೆರೆಯಾಗಿಸಬಹುದು. ಆ ಗೆರೆ ಆಕಾಶದಲ್ಲಿ ಇಲ್ಲ. ಇದಕ್ಕೂ, ಬ್ರಷ್ಷು ಹಿಡಿದು ಕೈಯಾರೆ ತೋಳು ಬರೆಯುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಅಷ್ಟೊಂದು ಕಟ್ಟುನಿಟ್ಟು ಹವ್ಯಾಸಿಗೆ ಯಾಕೆ, ಚಂದ ಕಂಡರೆ ಸಾಲದೇ ಎನ್ನುವವರಿಗೆ ಎರಡು ಪ್ರಸಂಗ ಹೇಳುತ್ತೇನೆ. 2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ವಿಕ್ಟರ್ ಬುಸೊ ಎಂಬಾತ ತನ್ನ 16 ಇಂಚಿನ ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಹಾಕಿ ಪರೀಕ್ಷಿಸುತ್ತಿದ್ದ. ಬೀಗ ರಿಪೇರಿ ಆತನ ಕಸುಬು. ಪರೀಕ್ಷೆಗೆ ಆರಿಸಿಕೊಂಡದ್ದು ಸುಮಾರು 8 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 613 ಗೆಲಾಕ್ಸಿ. ನಗರದ ಬೆಳಕು ಹೆಚ್ಚಿದ್ದರಿಂದ 20 ಸೆಕೆಂಡಿನ ಪುಟ್ಟ ಪುಟ್ಟ ಚಿತ್ರಗಳನ್ನೇ ತೆಗೆದ. ಮೊದಲಿನ ಚಿತ್ರಗಳಲ್ಲಿ ಇಲ್ಲದ ಚುಕ್ಕೆಯೊಂದು ಆಮೇಲಿನವುಗಳಲ್ಲಿ ಕಾಣಿಸಿಕೊಂಡು ಹೊಳಪಿನಲ್ಲಿ ಏರತೊಡಗಿತು. ಸಾಯುವ ನಕ್ಷತ್ರದ ಆಸ್ಫೋಟ ಒಳಗಿನಿಂದ ಮೇಲ್ಮೈಗೆ ಬಂದ ಮೊದಲ ಬೆಳಕು ಅದು. ವೃತ್ತಿಪರರು ವರ್ಷಗಟ್ಟಲೆ ಕಾದಿದ್ದ ಕ್ಷಣ. 2018ರಲ್ಲಿ ಅದರ ಅಧ್ಯಯನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆತ ಬಿಡಿ ಚಿತ್ರಗಳನ್ನು ಕೂಡಿ ಒಂದು ಚಂದದ ಚಿತ್ರ ಮಾಡಿ, ಬಿಡಿ ಚಿತ್ರಗಳನ್ನು ಅಳಿಸಿದ್ದರೆ ಆ ಏರಿಕೆಯೇ ಉಳಿಯುತ್ತಿರಲಿಲ್ಲ.

ಎರಡನೆಯದು ನಮ್ಮ ಆಂಡ್ರೊಮೀಡಾದ್ದೇ. ಭೂಮಿಯ ಮೇಲೆ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಗೆಲಾಕ್ಸಿಗಳಲ್ಲಿ ಅದೊಂದು. ಅದರ ಪಕ್ಕದಲ್ಲೇ ದೊಡ್ಡದೊಂದು ನೀಲಿ-ಹಸಿರು ಕಮಾನು ಇದೆಯೆಂದು 2022ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಯಾನ್ ಸೈಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಮೂವರು ಹವ್ಯಾಸಿಗಳು 106 ಮಿಲಿಮೀಟರಿನ ದೂರದರ್ಶಕಕ್ಕೆ ಆಮ್ಲಜನಕದ ಒಂದೇ ಬಣ್ಣವನ್ನು ಬಿಡುವ ಶೋಧಕ ಹಾಕಿ, ಎಲ್ಲ ಸೇರಿ ಒಟ್ಟು ನೂರಕ್ಕೂ ಹೆಚ್ಚು ಗಂಟೆಯ ಬೆಳಕು ಕೂಡಿಸಿ ಅದನ್ನು ಹೊರತೆಗೆದರು. ಅವರಿಗೆ ಮೊದಲು ಎದುರಾದದ್ದು, ಇದು ಸಂಸ್ಕರಣೆಯ ದೋಷವಲ್ಲವೆಂದು ಹೇಗೆ ನಂಬುವುದು ಎಂಬ ಪ್ರಶ್ನೆ. ಬೇರೆ ಕಡೆಯವರು ಬೇರೆ ದೂರದರ್ಶಕಗಳಿಂದ ತೆಗೆದಾಗಲೂ ಅದು ಅಲ್ಲೇ ಇತ್ತು, ಆಮೇಲೇ ಅದನ್ನು ಪ್ರಕಟಿಸಿದರು. ಅದು ಆಂಡ್ರೊಮೀಡಾದ್ದಲ್ಲ, ನಮ್ಮ ಆಕಾಶಗಂಗೆಯೊಳಗೇ ಇದೆ ಎಂಬ ಕಡೆಗೆ ಈಚಿನ ಅಧ್ಯಯನಗಳು ವಾಲುತ್ತಿವೆ. ಹಿನ್ನೆಲೆಯನ್ನು ಚೊಕ್ಕಟಗೊಳಿಸುವ ಭರದಲ್ಲಿ ಎಷ್ಟು ಜನ ಆ ಕಮಾನಿನ ಜಾಗವನ್ನು ಕಪ್ಪಾಗಿಸಿದ್ದರೋ, ಲೆಕ್ಕವಿಲ್ಲ.

ಶುರುಮಾಡಬೇಕೆನ್ನುವವರಿಗೆ ಈಗ ಕಾಲ ಒಳ್ಳೆಯದಿದೆ. ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ, 135 ಅಥವಾ 200 ಮಿಲಿಮೀಟರಿನ ಲೆನ್ಸು, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಒಂದು ಸಣ್ಣ ಟ್ರ್ಯಾಕರ್ ಇದ್ದರೆ ಎಂ31ರ ಧೂಳಿನ ಗೆರೆಗಳವರೆಗೆ ಹೋಗಬಹುದು. ಸೀಸ್ಟಾರ್‌ನಂಥ ಸ್ಮಾರ್ಟ್ ಟೆಲಿಸ್ಕೋಪುಗಳು 50 ಮಿಲಿಮೀಟರ್ ವ್ಯಾಸದ ಲೆನ್ಸಿನಿಂದ ಹತ್ತು ಹತ್ತು ಸೆಕೆಂಡಿನ ಚಿತ್ರಗಳನ್ನು ತಾವೇ ತೆಗೆದು ತಾವೇ ಕೂಡಿ ಮೊಬೈಲಿಗೆ ಕಳಿಸುತ್ತವೆ. ಹಳಬರು ಮೂಗು ಮುರಿಯುತ್ತಾರೆ, ನೀವು ಕಿವಿಗೆ ಹಾಕಿಕೊಳ್ಳಬೇಡಿ. ಸಲಕರಣೆ ಕೊಳ್ಳುವ ಮುಂಚೆ ಒಮ್ಮೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ, ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದಂಥ ನಿಮ್ಮೂರ ಗೆಳೆಯರ ಕೂಟಕ್ಕೋ ಹೋಗಿ ಬನ್ನಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಆರಿಸಿ.

ಈಗಾಗಲೇ ಚಿತ್ರ ತೆಗೆಯುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಚಿತ್ರವನ್ನು ನಾಲ್ಕು ಜನರಿಗೆ ತೋರಿಸುವಾಗ ಅದರ ಕೆಳಗೆ ದಿನಾಂಕ, ಜಾಗ, ದೂರದರ್ಶಕ, ಶೋಧಕ, ಒಟ್ಟು ಎಷ್ಟು ಗಂಟೆ, ಯಾವ ಸಾಧನದಿಂದ ಏನು ಮಾಡಿದಿರಿ, ಇಷ್ಟನ್ನು ಬರೆಯಿರಿ. ಕ್ಯಾಮೆರಾದ ಗಡಿಯಾರವನ್ನು ಪ್ರತಿ ಸಲ ಸರಿಹೊಂದಿಸಿಕೊಳ್ಳಿ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಕಂಡುಹಿಡಿದಾಗ, ಅದರ ಮುಂಚಿನ ಗಂಟೆಗಳಲ್ಲಿ ಬೇರೆ ಹವ್ಯಾಸಿಗಳು ಸುಮ್ಮನೆ ತೆಗೆದಿಟ್ಟಿದ್ದ ಚಿತ್ರಗಳಿಂದಲೇ ಆಸ್ಫೋಟದ ಹೊತ್ತನ್ನು ನಿಖರವಾಗಿ ಹಿಡಿಯಲು ಸಾಧ್ಯವಾಯಿತು. ಆದ್ದರಿಂದ ಜಾಗ ಸಾಲದೆಂದು ಬಿಡಿ ಚಿತ್ರಗಳನ್ನು ಅಳಿಸಬೇಡಿ, ಇನ್ನೊಂದು ಹಾರ್ಡ್ ಡಿಸ್ಕ್ ತಂದು ಅವನ್ನು ಜೋಪಾನ ಮಾಡಿ.